ಟ್ರೇಲರಿನ ಬ್ಯಾಟರಿ ಪೆಟ್ಟಿಗೆ: ಭದ್ರವಾಗಿ ಕೂರಿಸಿ, ನೀರಿಗೆ ದಾರಿ ಬಿಡಿ



ಚಿಕಾಗೋ ಮತ್ತು ಡೆಟ್ರಾಯಿಟ್ ಕಡೆಯ ನಮ್ಮ ಕೆಲವು ಕುಟುಂಬಗಳು ಬೇಸಿಗೆ ಬಂತೆಂದರೆ ಟ್ರಾವೆಲ್ ಟ್ರೇಲರ್ ಎಳೆದುಕೊಂಡು ಮಿಶಿಗನ್ ಸರೋವರದ ಮರಳುದಿಬ್ಬಗಳತ್ತ ಹೊರಡುತ್ತವೆ. ಎರಡೂ ಊರುಗಳನ್ನು ಐ-94 ಹೆದ್ದಾರಿ ಜೋಡಿಸುತ್ತದೆ. ಟ್ರೇಲರ್ ತಯಾರಿಕೆಗೆ ಹೆಸರಾದ ಇಂಡಿಯಾನಾದ ಎಲ್ಕ್‌ಹಾರ್ಟ್ ಕೂಡ ನಮಗೆ ದೂರವಲ್ಲ. ಕೊಳ್ಳುವಾಗ ಒಲೆ, ಫ್ರಿಜ್, ಹಾಸಿಗೆ ಎಲ್ಲವನ್ನೂ ನೋಡುತ್ತೇವೆ. ಆದರೆ ಮುಂಭಾಗದ ಎ-ಫ್ರೇಮಿನ ಮೇಲೆ ಗ್ಯಾಸ್ ಸಿಲಿಂಡರಿನ ಪಕ್ಕ ಕುಳಿತಿರುವ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವವರು ಕಡಿಮೆ. ಈ ಬಾರಿ ಅದರ ಬಗ್ಗೆ ನಾವು ತಿಳಿದುಕೊಂಡಿದ್ದನ್ನು ಹಂಚಿಕೊಳ್ಳುತ್ತಿದ್ದೇವೆ.

ಏಕೆ ಇಷ್ಟು ಮುಖ್ಯ?

ಪೆಟ್ಟಿಗೆಯೊಳಗಿನ 12 ವೋಲ್ಟ್ ಬ್ಯಾಟರಿ ಬರೀ ದೀಪಕ್ಕೆ, ನೀರಿನ ಪಂಪಿಗೆ ಇರುವುದಲ್ಲ. ದಾರಿಯಲ್ಲಿ ಟ್ರೇಲರ್ ಗಾಡಿಯಿಂದ ಕಳಚಿಕೊಂಡರೆ, ಬ್ರೇಕ್‌ಅವೇ ಸ್ವಿಚ್ಚಿನ ಪಿನ್ನು ಹೊರಗೆ ಬರುತ್ತದೆ. ಆಗ ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕು ಹಿಡಿಯುವುದು ಇದೇ ಬ್ಯಾಟರಿಯ ಕರೆಂಟಿನಿಂದ. ಬ್ಯಾಟರಿ ಸತ್ತಿದ್ದರೆ, ಅಥವಾ ತುಕ್ಕು ಹಿಡಿದು ತಂತಿ ಬಿಟ್ಟುಕೊಂಡಿದ್ದರೆ, ಆ ಬ್ರೇಕು ಹಿಡಿಯುವುದೇ ಇಲ್ಲ. ಹಿಂದೆ ಬರುತ್ತಿರುವ ಕಾರಿನಲ್ಲಿ ಇನ್ನೊಬ್ಬರ ಮಕ್ಕಳಿರುತ್ತಾರೆ ಎಂಬುದನ್ನು ನೆನೆದರೆ ಸಾಕು.

ಮೇಲೆ ಗಾಳಿ, ಕೆಳಗೆ ನೀರು

ಪೆಟ್ಟಿಗೆಯನ್ನು ಡಬ್ಬಿಯಂತೆ ಬಿಗಿಯಾಗಿ ಮುಚ್ಚಬಾರದು. ಊರಿನ ಮನೆಯ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದವರಿಗೆ ಗೊತ್ತು: ಚಾರ್ಜ್ ಆಗುವಾಗ ಲೆಡ್-ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ಕ್ಕೆ ಏರಿದರೆ ಒಂದು ಕಿಡಿ ಸಾಕು. ಹಗುರವಾದ ಅನಿಲ ಮೇಲಕ್ಕೆ ಹೋಗುವುದರಿಂದ ಮುಚ್ಚಳದ ಗಾಳಿಕಿಂಡಿಗಳನ್ನು ಟೇಪು ಹಾಕಿ ಮುಚ್ಚಬೇಡಿ.

ಗಾಳಿಕಿಂಡಿಯಿಂದ ಮಳೆನೀರೂ, ಗಾಡಿಯ ಚಕ್ರ ಎರಚುವ ಉಪ್ಪುನೀರೂ ಒಳಗೆ ಬರುತ್ತವೆ. ತುಳಸಿ ಕುಂಡದ ತಳಕ್ಕೆ ತೂತು ಇರುವಂತೆ ಈ ಪೆಟ್ಟಿಗೆಯ ತಳಕ್ಕೂ ಬೇಕು. ಇಲ್ಲದಿದ್ದರೆ ನೀರು ನಿಂತು, ಅದಕ್ಕೆ ಆಸಿಡ್ ಸೇರಿ, ಬೋಲ್ಟುಗಳನ್ನು ತಿನ್ನುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಸೀಳಬಹುದು.

ಕೂರಿಸುವ ಕ್ರಮ

1. ಮೊದಲು ಕ್ಯಾಂಪ್ ಗ್ರೌಂಡಿನ ಅಥವಾ ಮನೆಯ ಕರೆಂಟ್ ಸಂಪರ್ಕ ತೆಗೆಯಿರಿ. ನಂತರ ನೆಗೆಟಿವ್ ತಂತಿ, ಕೊನೆಗೆ ಪಾಸಿಟಿವ್. ಜೋಡಿಸುವಾಗ ನೆಗೆಟಿವ್ ಕೊನೆಗೆ. ಒಂದು ಎಚ್ಚರಿಕೆ: ಕಾರಿನಲ್ಲಿ ಕಪ್ಪು ತಂತಿ ನೆಗೆಟಿವ್, ಆದರೆ ಬಹಳಷ್ಟು ಟ್ರೇಲರುಗಳಲ್ಲಿ ಕಪ್ಪು ಪಾಸಿಟಿವ್, ಬಿಳಿ ನೆಗೆಟಿವ್. ಬಣ್ಣ ನಂಬದೆ ಮೀಟರ್ ಇಟ್ಟು ನೋಡಿ, ತಂತಿಗೆ ಗುರುತು ಕಟ್ಟಿ.

2. ಪೆಟ್ಟಿಗೆ ಬ್ಯಾಟರಿಯ ಅಳತೆಯದ್ದಾಗಿರಲಿ. ಗ್ರೂಪ್ 24 ಬ್ಯಾಟರಿ ಸುಮಾರು ಹತ್ತೂವರೆ ಇಂಚು ಉದ್ದ, ಗ್ರೂಪ್ 27 ಸುಮಾರು ಹನ್ನೆರಡು ಇಂಚು.

3. ಎ-ಫ್ರೇಮಿನ ಮುಖ್ಯ ಕಬ್ಬಿಣಕ್ಕೆ ಹೊಸ ತೂತು ಕೊರೆಯಬೇಡಿ, ಬಲ ಕುಗ್ಗುತ್ತದೆ. ಅಲ್ಲಿ ಬೆಸುಗೆ ಹಾಕಿರುವ ತಟ್ಟೆಗೆ ಅಥವಾ ಆಡ್ಡಪಟ್ಟಿಗೆ ಸ್ಟೇನ್‌ಲೆಸ್ ಬೋಲ್ಟು, ಅಗಲ ವಾಷರ್, ಲಾಕ್ ನಟ್ ಹಾಕಿ ಬಿಗಿಯಿರಿ.

4. ಬೋಲ್ಟಿನ ತಲೆ ಬ್ಯಾಟರಿಯ ತಳಕ್ಕೆ ಒತ್ತಬಾರದು. ಚಪ್ಪಟೆ ತಲೆಯ ಬೋಲ್ಟು ಬಳಸಿ, ಮೇಲೆ ರಬ್ಬರ್ ಹಾಸಿ. ಸುಮಾರು 50 ಪೌಂಡಿನ ಬ್ಯಾಟರಿ ಹೊಂಡದ ರಸ್ತೆಯಲ್ಲಿ ಕುಣಿಯದಂತೆ ಬೆಲ್ಟು ಬಿಗಿಯಬೇಕು. ಬಿಸಿಲಿಗೆ ಬೆಲ್ಟು ಪುಡಿಯಾಗಿದ್ದರೆ ಬದಲಾಯಿಸಿ.

ನೀರು ಹೋಗುವ ದಾರಿ

ತಳದಲ್ಲಿ ತೂತು ಇಲ್ಲದಿದ್ದರೆ ಬ್ಯಾಟರಿ ಹೊರತೆಗೆದು, ನಾಲ್ಕೂ ಮೂಲೆಗಳಲ್ಲಿ ಅರ್ಧ ಇಂಚಿನ ತೂತು ಕೊರೆಯಿರಿ. ನಾಲ್ಕೂ ಏಕೆಂದರೆ, ಟ್ರೇಲರ್ ನಿಂತಾಗ ಯಾವ ಕಡೆ ವಾಲುತ್ತದೋ ನೀರು ಆ ಮೂಲೆಗೆ ಸೇರುತ್ತದೆ. ಕೆಳಗಿನ ಕಬ್ಬಿಣದ ತಟ್ಟೆ ಈ ತೂತುಗಳನ್ನು ಮುಚ್ಚದಿರಲಿ. ರಬ್ಬರ್ ಹಾಸಿನಲ್ಲೂ ಅದೇ ಜಾಗಕ್ಕೆ ತೂತು ಬಿಡಿ. ತೊಟ್ಟಿಕ್ಕುವ ನೀರು ಗ್ಯಾಸ್ ಪೈಪಿನ ಮೇಲಾಗಲಿ ಬ್ರೇಕಿನ ತಂತಿಯ ಮೇಲಾಗಲಿ ಬೀಳಬಾರದು. ಒಂದು ಚೊಂಬು ನೀರು ಸುರಿದು, ಎಲ್ಲಿ ಬೀಳುತ್ತದೆಂದು ನೋಡಿದರೆ ತಿಳಿಯುತ್ತದೆ.

ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆಯಿರಿ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಬಿರಡೆಗಳು ಭದ್ರವಾಗಿರಬೇಕು. ಒಣಗಿದ ಮೇಲೆ ಬಣ್ಣ ಹೋದ ಕಬ್ಬಿಣಕ್ಕೆ ಬಣ್ಣ ಹಚ್ಚಿ.

ನಮ್ಮ ಚಳಿಗಾಲ

2019ರ ಜನವರಿ 30ರಂದು ಚಿಕಾಗೋದಲ್ಲಿ ಉಷ್ಣಾಂಶ ಮೈನಸ್ 23 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಿತ್ತು. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಇಂಥ ಚಳಿಯನ್ನು ತಡೆಯುತ್ತದೆ. ಖಾಲಿಯಾದದ್ದು 20 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯಬಹುದು. ಆದ್ದರಿಂದ ಸೀಸನ್ ಮುಗಿದಾಗ ಬ್ಯಾಟರಿಯನ್ನು ಗರಾಜಿಗೆ ತಂದು, ಆಗಾಗ ಚಾರ್ಜ್ ಮಾಡುತ್ತಿರಿ. ಒಂದಷ್ಟು ಹೊತ್ತು ಬಿಟ್ಟು ಅಳೆದಾಗ ಮೀಟರ್ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಚಾರ್ಜ್ ಚೆನ್ನಾಗಿದೆ. ಲಿಥಿಯಂ ಬ್ಯಾಟರಿ ಹಾಕಿಸಿದವರಿಗೆ ಬೇರೆ ನಿಯಮ: ಒಳಗೆ ಹೀಟರ್ ಇಲ್ಲದ್ದನ್ನು 32 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಚಾರ್ಜ್ ಮಾಡಬಾರದು.

ಹೊರಡುವ ಮುನ್ನ

ವರ್ಷದ ಮೊದಲ ಪ್ರಯಾಣಕ್ಕೆ ಮುಂಚೆ ಗಾಡಿಗೂ ಟ್ರೇಲರಿಗೂ ನಡುವಿನ ಕರೆಂಟ್ ಪ್ಲಗ್ ತೆಗೆದು, ಬ್ರೇಕ್‌ಅವೇ ಪಿನ್ನು ಎಳೆದು, ಗಾಡಿಯನ್ನು ನಿಧಾನವಾಗಿ ಒಂದೆರಡು ಅಡಿ ಮುಂದೆ ಬಿಡಿ. ಟ್ರೇಲರಿನ ಚಕ್ರ ತಡೆದು ಹಿಡಿದರೆ ಎಲ್ಲ ಸರಿ. ಪಿನ್ನನ್ನು ಕೂಡಲೇ ವಾಪಸು ಹಾಕಿ. ಬ್ಯಾಟರಿಗೆ ಆಫ್ ಸ್ವಿಚ್ ಹಾಕಿಸಿದ್ದರೆ, ಅದು ಆಫ್ ಇದ್ದಾಗಲೂ ಬ್ರೇಕ್‌ಅವೇಗೆ ಕರೆಂಟ್ ಸಿಗುತ್ತದೆಯೇ ಎಂದು ಪರೀಕ್ಷಿಸಿ.

ಆಯುಧಪೂಜೆ ಬರುವುದೂ ನಮ್ಮಲ್ಲಿ ಕ್ಯಾಂಪಿಂಗ್ ಮುಗಿಯುವ ಹೊತ್ತಿಗೇ. ಆ ದಿನ ಟ್ರೇಲರಿಗೆ ಹೂವು, ಕುಂಕುಮ ಇಡುವಾಗ ಪೆಟ್ಟಿಗೆಯ ಮುಚ್ಚಳವನ್ನೂ ಒಮ್ಮೆ ತೆಗೆದು, ತಳದ ತೂತಿನಲ್ಲಿ ಕಟ್ಟಿಕೊಂಡ ಎಲೆ, ಮಣ್ಣು ತೆಗೆಯಿರಿ. ಎಲ್ಲರಿಗೂ ಪ್ರಯಾಣ ಸುಖಕರವಾಗಿರಲಿ.