ಹಾಯಿದೋಣಿ ತರಬೇತಿ: ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು



ಕರಾವಳಿಯಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ ದಾಟಿ, ನೆಲಮಂಗಲದ ಮೂಲಕ ಬೆಂಗಳೂರು ಸೇರಿ, ಅಲ್ಲಿಂದ ಹೊಸಕೋಟೆಯ ಮಾರ್ಗವಾಗಿ ಕೋಲಾರದತ್ತ ಸಾಗುತ್ತದೆ. ಇದೇ ದಾರಿಯಲ್ಲಿ ನಮ್ಮ ಚರ್ಚುಗಳ ಎಷ್ಟೋ ಕುಟುಂಬಗಳು ಉದ್ಯೋಗ ಅರಸಿ ಹೋಗಿವೆ. ಕೆಲವರು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, ಇನ್ನು ಕೆಲವರು ದೊಡ್ಡಬಳ್ಳಾಪುರ, ನೆಲಮಂಗಲದ ಕಾರ್ಖಾನೆಗಳಲ್ಲಿ ದುಡಿಯುತ್ತಾ ಅಲ್ಲಿಯೇ ನೆಲೆಸಿದ್ದಾರೆ. ಅವರ ಮಕ್ಕಳು ಸಮುದ್ರ ನೋಡುವುದು ರಜೆಯಲ್ಲಿ ಅಜ್ಜಿಯ ಮನೆಗೆ ಬಂದಾಗ ಮಾತ್ರ.

ಅಂತಹ ಒಂದು ಕುಟುಂಬದ ತಂದೆ ದೇವನಹಳ್ಳಿಯಿಂದ ನನಗೆ ಫೋನ್ ಮಾಡಿದ್ದರು. "ಫಾದರ್, ಮಗಳಿಗೆ ಹನ್ನೆರಡು ವರ್ಷ. ಹಾಯಿದೋಣಿ ಓಡಿಸಲು ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಒಂದು ಕಡೆ ಎರಡು ದಿನದ ಕೋರ್ಸ್ ಇದೆಯಂತೆ, ಫೋಟೋಗಳು ಚೆನ್ನಾಗಿವೆ. ಹಣ ಕಟ್ಟಲೇ?" ಎಂದು ಕೇಳಿದರು. ಮಗಳ ಆಸೆಗೆ ಕಾರಣವೂ ಇತ್ತು. ನಮ್ಮ ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು 'ತಾರಿಣಿ' ಎಂಬ ಹಾಯಿನೌಕೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದ ಸುದ್ದಿಯನ್ನು ಅವಳು ನೋಡಿದ್ದಳು.

ಮಗುವಿನ ಆಸೆ ಒಳ್ಳೆಯದೇ. ಆದರೆ ನೀರಿನಲ್ಲಿ ಮುಳುಗಿ ತೀರಿಕೊಂಡ ಎಳೆಯರ ಅಂತ್ಯಕ್ರಿಯೆಯ ಪೂಜೆ ಅರ್ಪಿಸಿದ ಯಾವ ಗುರುವೂ "ಕಟ್ಟಿಬಿಡಿ" ಎಂದು ಥಟ್ಟನೆ ಹೇಳಲಾರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಹಾಗೆಂದು ಮಕ್ಕಳನ್ನು ನೀರಿನಿಂದ ದೂರವಿಡುವುದು ಪರಿಹಾರವಲ್ಲ. ಸರಿಯಾದವರಿಂದ, ಸರಿಯಾದ ಕ್ರಮದಲ್ಲಿ ಕಲಿಸುವುದೇ ಪರಿಹಾರ. ಆ ತಂದೆಗೆ ಹೇಳಿದ ಮಾತುಗಳನ್ನು, ಅನಂತರ ತಿಳಿದವರಲ್ಲಿ ಕೇಳಿ ಖಚಿತಪಡಿಸಿಕೊಂಡ ವಿಷಯಗಳನ್ನು ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಊರ ಕೆರೆ ಏಕೆ ಸಾಲದು?

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿ ಹೆಸರಘಟ್ಟದತ್ತ ಇಳಿಯುವುದು ಮಳೆ ಕೈಗೂಡಿದ ವರ್ಷ ಮಾತ್ರ. ಇತ್ತೀಚಿನ ವರ್ಷಗಳಲ್ಲಿ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರನ್ನು ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಇದು ಅಂತರ್ಜಲ ಹೆಚ್ಚಲೆಂದು ಮಾಡಿದ ವ್ಯವಸ್ಥೆಯೇ ಹೊರತು ಮಕ್ಕಳು ಇಳಿದು ಆಡಲು ಅಲ್ಲ.

ನೀರು ಶುದ್ಧವಿದ್ದರೂ ಕೆರೆಯ ತಳ ನಂಬಿಕೆಗೆ ಅರ್ಹವಲ್ಲ. ಹೂಳು, ಕಳೆ, ಮುಳುಗಿದ ಜಾಲಿ ಗಿಡಗಳು ಒಂದು ಕಡೆ. ಮಣ್ಣು ತೆಗೆದ ಆಳವಾದ ಗುಂಡಿಗಳು ಇನ್ನೊಂದು ಕಡೆ. ಹಾಯಿದೋಣಿಯ ಹೊಟ್ಟೆಯಿಂದ ಒಂದು ಹಲಗೆ ನೀರಿನೊಳಕ್ಕೆ ಇಳಿದಿರುತ್ತದೆ. ಅದನ್ನು ಸೆಂಟರ್‌ಬೋರ್ಡ್ ಎನ್ನುತ್ತಾರೆ. ದೋಣಿ ಗಾಳಿಗೆ ಪಕ್ಕಕ್ಕೆ ಜಾರದಂತೆ ತಡೆಯುವುದೇ ಅದು. ತಳ ತಾಗುವ ನೀರಿನಲ್ಲಿ ಈ ಹಲಗೆ ಸಿಕ್ಕಿಕೊಂಡು ದೋಣಿ ಮಗುಚುತ್ತದೆ. ಆದ್ದರಿಂದ ಯುವಕರು ಊರ ಕೆರೆಯಲ್ಲಿ ತಾವಾಗಿಯೇ ಪ್ರಯೋಗ ಮಾಡುವುದು ಬೇಡ.

ಎಲ್ಲಿ ಕಲಿಯಬಹುದು?

ಹತ್ತಿರದ ಸ್ಥಳವೆಂದರೆ ಬೆಂಗಳೂರಿನ ಹಲಸೂರು ಕೆರೆ. ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಇಲ್ಲಿ ತೃಷ್ಣಾ ಸೈಲಿಂಗ್ ಕ್ಲಬ್ ನಡೆಸುತ್ತದೆ. ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಪ್ರದಕ್ಷಿಣೆ ಮಾಡಿದ ಹಾಯಿನೌಕೆಯ ಹೆಸರೂ 'ತೃಷ್ಣಾ'. ಮೈಸೂರಿನ ಬಳಿಯ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ ಈ ಕ್ಲಬ್ ಸ್ಪರ್ಧೆಗಳನ್ನು ನಡೆಸಿದೆ. ಇದು ಸೇನೆಯ ವ್ಯವಸ್ಥೆಯಾದುದರಿಂದ ಹೊರಗಿನವರಿಗೆ ಯಾವಾಗ, ಯಾವ ನಿಯಮದ ಮೇಲೆ ಅವಕಾಶ ಎಂಬುದನ್ನು ಮೊದಲೇ ವಿಚಾರಿಸಬೇಕು. ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದ್ದನ್ನು ನೆನಪಿಡಿ. ನೀರಿನ ಸ್ಥಿತಿಯನ್ನೂ ಕೇಳಿ ತಿಳಿಯಿರಿ.

ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ನೌಕಾ ವಿಭಾಗಕ್ಕಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ. ಬೆಂಗಳೂರು, ಮಂಗಳೂರು, ಉಡುಪಿಗಳಲ್ಲಿ ಇದರ ಘಟಕಗಳಿವೆ. ಹುಟ್ಟು ಹಾಕುವುದು, ಹಾಯಿ ಬಿಡುವುದು ಕೆಡೆಟ್‌ಗಳ ತರಬೇತಿಯ ಭಾಗವೇ ಆಗಿದೆ. ಇನ್ನು ದೂರ ಹೋಗಬಲ್ಲವರಿಗೆ ಗೋವಾ ಇದೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಕ್ಲಬ್‌ಗಳಿವೆ. ಚೆನ್ನೈಯಲ್ಲಿ 1911ರಲ್ಲಿ ಸ್ಥಾಪನೆಯಾದ ರಾಯಲ್ ಮದ್ರಾಸ್ ಯಾಚ್ ಕ್ಲಬ್ ಇದೆ. ಯಾವುದೇ ಕ್ಲಬ್ ಆಗಲಿ, ಯಾಚಿಂಗ್ ಅಸೋಸಿಯೇಶನ್ ಆಫ್ ಇಂಡಿಯಾದ ಮಾನ್ಯತೆ ಇದೆಯೇ ಎಂದು ಕೇಳುವುದು ಒಳ್ಳೆಯದು.

ಯಾವ ತಿಂಗಳು?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿದೆ. ಮಳೆಗಾಲದ ಸಮುದ್ರದಲ್ಲಿ ಹೊಸಬರಿಗೆ ಹಾಯಿದೋಣಿ ಕಲಿಸುವ ಮಾತೇ ಇಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಮೇ ತಿಂಗಳ ನಡುವೆ, ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಬೀಸುವ ಗಾಳಿ ಕಲಿಕೆಗೆ ಅನುಕೂಲ.

ಘಟ್ಟದ ಮೇಲೆ ಲೆಕ್ಕವೇ ಬೇರೆ. ಮುಂಗಾರಿನ ಪಶ್ಚಿಮದ ಗಾಳಿ ಬಯಲುಸೀಮೆಗೆ ಬರುವಾಗ ಮಳೆ ಕಡಿಮೆ, ಬೀಸು ಹೆಚ್ಚು. ಹೈದರಾಬಾದಿನ ಹಾಯಿದೋಣಿ ಸ್ಪರ್ಧೆ ಜುಲೈಯಲ್ಲಿ ನಡೆಯುವುದು ಇದೇ ಕಾರಣಕ್ಕೆ. ಆದರೆ ಸ್ಪರ್ಧಿಗೆ ಬೇಕಾದ ಗಾಳಿ ಹೊಸಬರಿಗೆ ಬೇಡ. ಮೊದಲ ಪಾಠಕ್ಕೆ ಎಲೆ ಅಲುಗಾಡುವಷ್ಟು, ಮುಖಕ್ಕೆ ತಾಗುವಷ್ಟು ಗಾಳಿ ಸಾಕು. "ಗಾಳಿ ಜೋರಾದರೆ ಪಾಠ ನಿಲ್ಲಿಸುತ್ತೀರಾ? ಆ ದಿನದ ಹಣ ಏನಾಗುತ್ತದೆ?" ಎಂದು ಮೊದಲೇ ಕೇಳಿ. ಹಣ ಹಿಂದಿರುಗಿಸಬೇಕಾಗುತ್ತದೆಂದು ಪಾಠ ನಡೆಸುವವರು ಅಪಾಯಕಾರಿ.

ಕೇಳಬೇಕಾದ ಐದು ಪ್ರಶ್ನೆಗಳು

1. ರಕ್ಷಣಾ ದೋಣಿ ಇದೆಯೇ? ಎಂಜಿನ್ ಇರುವ ಒಂದು ದೋಣಿ, ಅದರಲ್ಲಿ ತರಬೇತಿ ಪಡೆದ ಒಬ್ಬರು, ಪಾಠ ನಡೆಯುವಷ್ಟು ಹೊತ್ತೂ ನೀರಿನ ಮೇಲೆ ಇರಬೇಕು. ದಡದಲ್ಲಿ ಕಟ್ಟಿಹಾಕಿದ ದೋಣಿ ಲೆಕ್ಕಕ್ಕಿಲ್ಲ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇಂತಹ ದೋಣಿ ನಡೆಸುವವರಿಗೂ ಜೀವರಕ್ಷಕರಿಗೂ ತರಬೇತಿ ನೀಡುತ್ತದೆ. ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

2. ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ? ಬ್ರಿಟನ್ನಿನ ರಾಯಲ್ ಯಾಚಿಂಗ್ ಅಸೋಸಿಯೇಶನ್ನಿನ ಕ್ರಮದಲ್ಲಿ ಒಬ್ಬೊಬ್ಬರೇ ಓಡಿಸುವ ದೋಣಿಗಳಾದರೆ ಒಬ್ಬ ತರಬೇತುದಾರರಿಗೆ ಆರು ಮಂದಿ. ಇಪ್ಪತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುತ್ತೇವೆ ಎನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ.

3. ಯಾವ ದೋಣಿ? ಮಕ್ಕಳಿಗೆ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ರೂಪಿಸಿದ ಇದರ ಉದ್ದ ಎಂಟು ಅಡಿಗಿಂತ ಸ್ವಲ್ಪ ಕಡಿಮೆ, ತೂಕ 35 ಕಿಲೋ. ಹದಿನೈದು ವರ್ಷದವರೆಗಿನ ಮಕ್ಕಳಿಗಾಗಿ ಇರುವ ದೋಣಿ ಇದು. ದೊಡ್ಡವರು ಮೊದಲು ಇಬ್ಬರು ಮೂವರು ಕೂರುವ ದೋಣಿಯಲ್ಲಿ ತರಬೇತುದಾರರ ಜೊತೆಗೇ ಕುಳಿತು ಕಲಿಯುವುದು ಮೇಲು.

4. ಮಗುಚುವುದನ್ನು ಕಲಿಸುತ್ತೀರಾ? ಇದು ಎಲ್ಲಕ್ಕಿಂತ ಮುಖ್ಯ. ಚಿಕ್ಕ ಹಾಯಿದೋಣಿ ಮಗುಚಿಯೇ ಮಗುಚುತ್ತದೆ. ಒಳ್ಳೆಯ ಕೋರ್ಸಿನಲ್ಲಿ ಅದನ್ನು ಬೇಕೆಂದೇ ಮಗುಚಿಸಿ, ಸೆಂಟರ್‌ಬೋರ್ಡಿನ ಮೇಲೆ ದೇಹದ ಭಾರ ಹಾಕಿ ನೆಟ್ಟಗೆ ಮಾಡುವುದನ್ನು ಅಭ್ಯಾಸ ಮಾಡಿಸುತ್ತಾರೆ. "ನಮ್ಮಲ್ಲಿ ದೋಣಿ ಮಗುಚುವುದೇ ಇಲ್ಲ" ಎಂದು ಹೆಮ್ಮೆಪಡುವವರು ಆ ಪಾಠ ಕಲಿಸುವುದಿಲ್ಲ ಎಂದೇ ಅರ್ಥ.

5. ಲೈಫ್ ಜಾಕೆಟ್ ಎಂತಹದು? ಅಳತೆಗೆ ಸರಿಯಾಗಿರಬೇಕು. ತೊಡಿಸಿ, ಪಟ್ಟಿಗಳನ್ನು ಬಿಗಿದು, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಿವಿಯವರೆಗೆ ಜಾರಿಬಂದರೆ ಅದು ದೊಡ್ಡದಾಯಿತು. ಜಾಕೆಟ್ಟಿನ ಮೇಲೆ '50 ನ್ಯೂಟನ್' ಎಂದಿದ್ದರೆ ಅದು ಈಜು ಬಲ್ಲವರಿಗೆ ತೇಲಲು ನೆರವಾಗುವುದು ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸಲಾರದು. ಈಜು ಬಾರದವರಿಗೆ ಕನಿಷ್ಠ 100 ನ್ಯೂಟನ್‌ನ ಜಾಕೆಟ್ ಬೇಕು.

ಮನೆಯಲ್ಲಿ ಮಾಡಬೇಕಾದ ಸಿದ್ಧತೆ

ಮೊದಲ ಸಿದ್ಧತೆ ಈಜು. ಎರಡು ತಿಂಗಳು ಮುಂಚಿತವಾಗಿ ಈಜುಕೊಳಕ್ಕೆ ಸೇರಿಸಿ. ಐವತ್ತು ಮೀಟರ್ ಈಜುವುದು, ಬಟ್ಟೆ ಧರಿಸಿಯೇ ಕೆಲವು ನಿಮಿಷ ತೇಲುವುದು, ಮುಖ ನೀರಿನೊಳಗೆ ಹೋದಾಗ ಗಾಬರಿಯಾಗದಿರುವುದು ಬಂದರೆ ಸಾಕು. ಕರಾವಳಿಯವರೆಂದ ಮಾತ್ರಕ್ಕೆ ಈಜು ರಕ್ತದಲ್ಲಿ ಬರುವುದಿಲ್ಲ.

ಎರಡನೆಯದು ಪ್ರಾಮಾಣಿಕತೆ. ಮೂರ್ಛೆರೋಗ, ಆಸ್ತಮಾ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ವೈದ್ಯರನ್ನು ಕೇಳಿ, ತರಬೇತುದಾರರಿಗೂ ತಿಳಿಸಿ. ಮೈಮೇಲೆ ಗಾಯವಿದ್ದರೆ ಕೆರೆಯ ನೀರಿಗೆ ಇಳಿಯಬಾರದು. ಇಲಿಜ್ವರ ಹೀಗೆಯೇ ತಗಲುತ್ತದೆ. ತರಬೇತಿಯ ನಂತರದ ದಿನಗಳಲ್ಲಿ ಜ್ವರ ಬಂದರೆ ಕೆರೆಗೆ ಇಳಿದಿದ್ದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು.

ಉಡುಪಿನ ವಿಷಯದಲ್ಲಿ ಜೀನ್ಸ್ ಬೇಡ, ಒದ್ದೆಯಾದರೆ ಭಾರ. ಬೇಗ ಒಣಗುವ ಉದ್ದ ತೋಳಿನ ಅಂಗಿ, ಕಾಲಿಗೆ ಕಟ್ಟಿಕೊಳ್ಳುವ ಹಳೆಯ ಶೂ, ಟೋಪಿ, ಕನ್ನಡಕಕ್ಕೆ ದಾರ ಇರಲಿ. ಬಳೆ, ಉಂಗುರ, ಸರಗಳನ್ನು ತೆಗೆದಿಡಿ. ಕೊರಳಲ್ಲಿ ಜಪಸರವೋ ಸ್ಕಾಪುಲರೋ ಇದ್ದರೆ ಹಗ್ಗಕ್ಕೆ ಸಿಕ್ಕಿಕೊಳ್ಳುವ ಸಂಭವವಿದೆ. ಅಷ್ಟು ಹೊತ್ತು ಅದನ್ನು ತೆಗೆದು ಚೀಲದಲ್ಲಿಡುವುದು ಪಾಪವೇನೂ ಅಲ್ಲ. ಕೋರ್ಸು ಭಾನುವಾರ ಬೆಳಿಗ್ಗೆಯೇ ಇದ್ದರೆ ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಲು ಮರೆಯಬೇಡಿ.

ಮೊದಲ ದಿನಕ್ಕೆ ಮೂರು ವಿಷಯ ತಿಳಿದಿದ್ದರೆ ಒಳಿತು. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತಾ ಸಾಗಬೇಕು. ಹಾಯಿಯ ಅಡಿಯಲ್ಲಿರುವ ಅಡ್ಡಕಂಬ, ಅಂದರೆ ಬೂಮ್, ತಿರುವಿನಲ್ಲಿ ರಭಸದಿಂದ ಬೀಸುತ್ತದೆ, ತಲೆ ತಗ್ಗಿಸಬೇಕು. ದೋಣಿ ಮಗುಚಿದರೆ ದಡ ಎಷ್ಟೇ ಹತ್ತಿರ ಕಂಡರೂ ಈಜಿಕೊಂಡು ಹೋಗಬಾರದು, ದೋಣಿಯನ್ನೇ ಹಿಡಿದುಕೊಂಡಿರಬೇಕು. ಮಗುಚಿದ ದೋಣಿ ದೂರದಿಂದ ಕಾಣುತ್ತದೆ, ಒಂಟಿ ತಲೆ ಕಾಣುವುದಿಲ್ಲ.

ಚರ್ಚ್ ಸಂಘಟನೆಗಳಿಗೆ ಒಂದು ಮಾತು

ಐಸಿವೈಎಂ, ವೈಸಿಎಸ್ ಶಿಬಿರಗಳಲ್ಲಿ ಈಗ ಜಲಕ್ರೀಡೆ ಸಾಮಾನ್ಯವಾಗಿದೆ. ಪಾಲಕರ ಒಪ್ಪಿಗೆ ಪತ್ರ ಪಡೆದರೆ ಜವಾಬ್ದಾರಿ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆ ಪತ್ರ ಫೈಲಿನಲ್ಲಿರುತ್ತದೆ, ಮಗು ನೀರಿನಲ್ಲಿರುತ್ತದೆ. ಶಿಬಿರಕ್ಕೆ ಮೊದಲು ಸಚೇತಕರೋ ಸಹಾಯಕ ಗುರುಗಳೋ ಸ್ವತಃ ಆ ಸ್ಥಳಕ್ಕೆ ಹೋಗಿ ಮೇಲಿನ ಐದು ಪ್ರಶ್ನೆಗಳನ್ನು ಕೇಳಿ ಬರಬೇಕು. ನೀರಿಗಿಳಿಯುವಾಗ ಒಮ್ಮೆ, ಮೇಲೆ ಬಂದಾಗ ಇನ್ನೊಮ್ಮೆ ತಲೆ ಎಣಿಸಬೇಕು. ಉತ್ತರ ಸರಿಯಿಲ್ಲದಿದ್ದರೆ ಮುಂಗಡ ಹಣ ಹೋದರೂ ಚಿಂತೆಯಿಲ್ಲ, ಕಾರ್ಯಕ್ರಮ ರದ್ದಾಗಲಿ.

ಮತ್ತಾಯನ ಶುಭಸಂದೇಶದಲ್ಲಿ ಪೇತ್ರನು ಬಿರುಗಾಳಿಗೆ ಹೆದರಿ ಮುಳುಗತೊಡಗಿದ ಪ್ರಸಂಗ ನಮಗೆಲ್ಲ ಗೊತ್ತು. ಪೇತ್ರ ಸರೋವರದಲ್ಲೇ ಬೆಳೆದ ಬೆಸ್ತ. ಆದರೂ ಮುಳುಗುವ ಗಳಿಗೆಯಲ್ಲಿ ಅವನಿಗೆ ಬೇಕಾದದ್ದು ಹತ್ತಿರದಲ್ಲೇ ಇದ್ದ ಒಂದು ಕೈ. ಯೇಸುಸ್ವಾಮಿ ತಡಮಾಡದೆ ಕೈಚಾಚಿ ಹಿಡಿದರು. ನಮ್ಮ ಮಕ್ಕಳನ್ನು ನೀರಿಗೆ ಕಳುಹಿಸುವಾಗ ಅಷ್ಟು ಹತ್ತಿರದಲ್ಲಿ ಯಾರು ಇರುತ್ತಾರೆ ಎಂದು ಕೇಳುವುದು ಅಪನಂಬಿಕೆಯಲ್ಲ, ಅದು ತಂದೆತಾಯಿಯರ ಕರ್ತವ್ಯ.

ದೇವನಹಳ್ಳಿಯ ಆ ತಂದೆ ಐದು ಪ್ರಶ್ನೆಗಳನ್ನೂ ಕೇಳಿದರು. ರಕ್ಷಣಾ ದೋಣಿಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬರಲಿಲ್ಲ. ಅವರು ಹಣ ಕಟ್ಟಲಿಲ್ಲ. ಮಗಳು ಎರಡು ದಿನ ಮುನಿಸಿಕೊಂಡಳಂತೆ. ಈಗ ವಾರಕ್ಕೆ ಮೂರು ದಿನ ಈಜುಕೊಳಕ್ಕೆ ಹೋಗುತ್ತಿದ್ದಾಳೆ. ಮುಂದಿನ ರಜೆಯೊಳಗೆ ಒಳ್ಳೆಯ ಕೋರ್ಸು ಹುಡುಕಿಕೊಡುವುದಾಗಿ ತಂದೆ ಮಾತು ಕೊಟ್ಟಿದ್ದಾರೆ. ಅವಳಿಗೂ, ಅವಳಂತೆ ನೀರಿನ ಆಸೆ ಹೊತ್ತ ಎಲ್ಲ ಮಕ್ಕಳಿಗೂ ಕಡಲ ತಾರೆಯಾದ ಮರಿಯ ಮಾತೆಯ ಆಸರೆ ಇರಲಿ.