ಬಾಣಂತಿಯ ಉನ್ಮಾದ: ಗುರುತು ಮತ್ತು ಚಿಕಿತ್ಸೆ

ಹೆರಿಗೆಯ ತರುವಾಯ ತಾಯಿಯ ಬುದ್ಧಿ ಕದಡುವುದನ್ನು ನಮ್ಮ ಜನ ‘ಬಾಣಂತಿ ಸನ್ನಿ’ ಎನ್ನುವರು. ಈ ಒಂದು ಹೆಸರಿನಡಿ ಹಲವು ವ್ಯಾಧಿಗಳು ಅಡಗಿರುವುದರಿಂದ ವಿವೇಚನೆ ಅವಶ್ಯ. ಜ್ವರ, ತೀವ್ರ ತಲೆನೋವು, ಮೂರ್ಛೆಗಳಿದ್ದರೆ ನಂಜು, ಅಧಿಕ ರಕ್ತದೊತ್ತಡ, ಇಲ್ಲವೆ ಮಿದುಳಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿರುವುದನ್ನು ಮೊದಲು ಶಂಕಿಸತಕ್ಕದ್ದು. ಇವಾವುವೂ ಇಲ್ಲದೆ ಚಿತ್ತವೇ ಉದ್ರೇಕಗೊಂಡಿದ್ದರೆ ಅದು ಉನ್ಮಾದವಿರಬಹುದು. ಪ್ರಸವಾನಂತರದ ತೀವ್ರ ಚಿತ್ತವಿಕಾರವು 1000 ಹೆರಿಗೆಗಳಿಗೆ ಒಂದೆರಡರಂತೆ, ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲೇ ತಲೆದೋರುತ್ತದೆ.

ಇದರ ಮೊದಲ ಕುರುಹು ನಿದ್ರಾನಾಶ. ಕೂಸು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದು, ಆದರೂ ದಣಿವಿಲ್ಲ. ಎಡೆಬಿಡದ ಮಾತು, ಅತಿ ಉಲ್ಲಾಸ ಅಥವಾ ಸಿಡುಕು, ಕೂಸು ದೇವರ ಅವತಾರವೆಂಬಂತಹ ಭ್ರಮೆಗಳು ಬೆನ್ನಿಗೇ ಬರುತ್ತವೆ. ಗಾಳಿ ಸೋಕಿತೆಂದು ಕಾಲಹರಣ ಮಾಡಿದರೆ ಇಬ್ಬರ ಪ್ರಾಣಕ್ಕೂ ಅಪಾಯ. ಉನ್ಮಾದ-ಖಿನ್ನತೆಗಳು ಸರದಿಯಲ್ಲಿ ಬರುವ ವ್ಯಾಧಿ ಹಿಂದೆ ಇದ್ದವರಲ್ಲಿ ಇದರ ಸಂಭವ ಅಧಿಕ. ಗಂಡನ ಮನೆಯವರಿಗೆ ತಿಳಿದೀತೆಂದು ಮುಚ್ಚಿಡದೆ ಗರ್ಭಿಣಿಯಾದಾಗಲೇ ವೈದ್ಯರಿಗೆ ಹೇಳಬೇಕು.

ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಾಣಂತನ ನಡೆಯುವುದು ಸಾಮಾನ್ಯವಾಗಿ ತವರಿನಲ್ಲಿ. ಆಶಾ ಕಾರ್ಯಕರ್ತೆಯರು 3, 7, 14ನೆಯ ದಿನಗಳಂದು ಮನೆಗೆ ಬರುವ ನಿಯಮವುಂಟು. ಕೂಸಿನ ತೂಕದೊಡನೆ ತಾಯಿಯ ನಿದ್ದೆಯನ್ನೂ ವಿಚಾರಿಸಿದರೆ ರೋಗ ಆರಂಭದಲ್ಲೇ ಗೋಚರಿಸೀತು. ಶಂಕೆ ಬಂದೊಡನೆ, ಕೂಸಿನೊಡನೆ ತಾಯಿಯನ್ನು ಒಂಟಿಯಾಗಿ ಬಿಡದೆ, ಬೀದರ್ ನಗರದ ಬ್ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯಬೇಕು. ಸಲಹೆಗೆ ಟೆಲಿ-ಮಾನಸ್ ದೂರವಾಣಿ 14416 ಇದೆ.

ಮನೋವಿಕಾರ ಶಮನದ ಔಷಧಿಗಳೂ ಲಿಥಿಯಮ್ಮೂ ಚಿಕಿತ್ಸೆಯ ಆಧಾರ. ತೀವ್ರಾವಸ್ಥೆಯಲ್ಲಿ ವಿದ್ಯುತ್ ಚಿಕಿತ್ಸೆ ಫಲಕಾರಿ. ಲಿಥಿಯಮ್ ಸೇವಿಸುವಾಗ ರಕ್ತಪರೀಕ್ಷೆ ಅಗತ್ಯ. ಮೊಲೆಯೂಡುವ ವಿಷಯವನ್ನು ವೈದ್ಯರೊಡನೆ ನಿರ್ಧರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗುವನ್ನು ಅಗಲಿಸದೆ ಉಪಚರಿಸುವ ವಿಭಾಗವನ್ನು ತೆರೆಯಿತು. ಸಕಾಲದಲ್ಲಿ ಚಿಕಿತ್ಸೆ ದೊರೆತವರಲ್ಲಿ ಬಹುಮಂದಿ ಗುಣಹೊಂದುವರು. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವವಿರುವುದರಿಂದ ಎಚ್ಚರ ಮಾತ್ರ ತಪ್ಪಕೂಡದು.