ಬೈಲಹೊಂಗಲ ಉಳಿಯುತ್ತದೆ, ಸವದತ್ತಿ ಕೆಡುತ್ತದೆ

ಅರ್ಜಿಯಲ್ಲಿ ಹೆಸರು, ವಿಳಾಸ ಕ್ಯಾಪಿಟಲ್ ಅಕ್ಷರಗಳಲ್ಲೇ ಇರಬೇಕು ಎಂದಾಗ ಡಿಟಿಪಿ ಅಂಗಡಿಯವರು ಮತ್ತೆ ಟೈಪ್ ಮಾಡುತ್ತ ಕೂಡುವುದಿಲ್ಲ. ಸಣ್ಣಕ್ಷರಗಳನ್ನು ದೊಡ್ಡದು ಮಾಡುವ ಆನ್‌ಲೈನ್ ಸಾಧನಗಳಿವೆ. ಪಠ್ಯವನ್ನು ಅಲ್ಲಿ ಅಂಟಿಸಿ ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಇಂಗ್ಲಿಷಿನ ಮಟ್ಟಿಗೆ ಇದರಲ್ಲಿ ತಕರಾರಿಲ್ಲ. ಆದರೆ ಹಳೆಯ ‘ನುಡಿ’ ಫಾಂಟಿನಲ್ಲಿ ಹೊಡೆದ ಬೆಳಗಾವಿ ಜಿಲ್ಲೆಯ ನಾಲ್ಕು ಊರುಗಳ ಹೆಸರನ್ನು ಅದೇ ಯಂತ್ರಕ್ಕೆ ಕೊಟ್ಟು, ಬಂದದ್ದನ್ನು ಮತ್ತೆ ನುಡಿ ಫಾಂಟಿನಲ್ಲಿ ನೋಡಿ. ಕಿತ್ತೂರಿನ ‘ತ’ ಇದ್ದಲ್ಲಿ ‘ಗಿ’ ಬಂದಿರುತ್ತದೆ, ‘ರ’ ಇದ್ದಲ್ಲಿ ‘ಉ’. ಸವದತ್ತಿಯ ‘ದ’ ಹೋಗಿ ‘ಚ’ ಆಗಿರುತ್ತದೆ. ರಾಮದುರ್ಗದ ‘ದು’ವಿಗೂ ಅದೇ ಗತಿ, ‘ಚು’. ಬೈಲಹೊಂಗಲ ಮಾತ್ರ ಕೂದಲೂ ಕೊಂಕದೆ ಹೊರಬರುತ್ತದೆ!

ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಪಟ್ಟಿಯಲ್ಲಿ ದೊಡ್ಡ ‘ಎ’ಗೆ 65, ಸಣ್ಣ ‘ಎ’ಗೆ 97. ಇಪ್ಪತ್ತಾರು ಜೋಡಿಗಳಲ್ಲೂ ಇದೇ 32ರ ಅಂತರ. ದ್ವಿಮಾನ ಪದ್ಧತಿಯಲ್ಲಿ 32 ಎಂದರೆ ಒಂದೇ ಒಂದು ಬಿಟ್. ಅದನ್ನು ಆರಿಸಿದರೆ ದೊಡ್ಡಕ್ಷರ, ಹಚ್ಚಿದರೆ ಸಣ್ಣಕ್ಷರ. ಲೆಕ್ಕಾಚಾರ ಅಗ್ಗವಾಗಲಿ ಎಂದು ಬೇಕೆಂದೇ ಮಾಡಿದ ಜಾಣತನವಿದು. ಇಂದಿನ ಸಾಧನಗಳು ಯೂನಿಕೋಡಿನ ದೊಡ್ಡ ಜೋಡಿಪಟ್ಟಿಯನ್ನು ನೋಡಿ ಬದಲಿಸುತ್ತವೆ. ಲ್ಯಾಟಿನ್, ಗ್ರೀಕ್, ಸಿರಿಲಿಕ್, ಅರ್ಮೇನಿಯನ್‌ನಂಥ ಕೆಲವೇ ಲಿಪಿಗಳಿಗೆ ಅಲ್ಲಿ ಜೋಡಿಗಳಿವೆ. ಕನ್ನಡಕ್ಕೆ ಇಲ್ಲ. ಯೂನಿಕೋಡಿನಲ್ಲಿ ‘ಕ’ದ ಸಂಖ್ಯೆ 3221, ಅದಕ್ಕೆ ಜೋಡಿಯೇ ಇಲ್ಲವಾದ್ದರಿಂದ ಯಂತ್ರ ಅದನ್ನು ಮುಟ್ಟದೆ ಮುಂದೆ ಸಾಗುತ್ತದೆ.

ಹಾಗಾದರೆ ಸವದತ್ತಿ ಕೆಟ್ಟದ್ದೇಕೆ? ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ರೂಪಿಸಿದ ನುಡಿಯ ಹಳೆಯ ಕಡತಗಳಲ್ಲಿ ಇರುವುದು ಕನ್ನಡವೇ ಅಲ್ಲ, ರೋಮನ್ ಅಕ್ಷರಗಳ ವೇಷ. ಕನ್ನಡದ ರೂಪವೆಲ್ಲ ಫಾಂಟಿನೊಳಗಿದೆ. ಅಲ್ಲಿ ದೊಡ್ಡ ‘ಕ್ಯೂ’ ಎಂದರೆ ‘ಕಿ’, ಸಣ್ಣ ‘ಕ್ಯೂ’ ಎಂದರೆ ತಲೆಕಟ್ಟಿಲ್ಲದ ‘ಡ’. ಸಣ್ಣ ‘ವಿ’ ತಲೆಕಟ್ಟಿಲ್ಲದ ‘ತ’, ದೊಡ್ಡ ‘ವಿ’ಯೋ ‘ಗಿ’. ಬೈಲಹೊಂಗಲಕ್ಕೆ ಬೇಕಾದ ತುಣುಕುಗಳೆಲ್ಲ ಮೊದಲೇ ದೊಡ್ಡಕ್ಷರಗಳು, ಇಲ್ಲವೇ ದೊಡ್ಡದು-ಸಣ್ಣದು ಎಂಬ ಭೇದವಿಲ್ಲದ ಚಿಹ್ನೆಗಳು. ಅದಕ್ಕೇ ಪಾರಾಯಿತು. ಆದರೆ ಬೀಗುವಂತಿಲ್ಲ. ಸಣ್ಣಕ್ಷರದ ಗುಂಡಿ ಒತ್ತಿದರೆ ಅದರ ಸೊನ್ನೆ ‘ಚಿ’ ಆಗುತ್ತದೆ. ತಲೆಕಟ್ಟಿನ ಸಂಕೇತ 192 ಇದ್ದದ್ದು 224 ಆಗಿ, ತಲೆಕಟ್ಟು ಇರಬೇಕಾದಲ್ಲಿ ಪ-ಒತ್ತು ಜೋತುಬೀಳುತ್ತದೆ.

‘ಕನ್ನಡ’ ಎಂಬ ಪದದ್ದೇ ಬೇರೆ ಫಜೀತಿ. ನುಡಿಯಲ್ಲಿ ನ-ಒತ್ತಿಗೆ ಬಳಸಿರುವುದು ಜರ್ಮನ್ ಭಾಷೆಯ ‘ಎಸ್‌ತ್ಸೆಟ್’ ಅಕ್ಷರ. ಅದರ ದೊಡ್ಡ ರೂಪಕ್ಕೆ ಜರ್ಮನ್ ಕಾಗುಣಿತದಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿದ್ದೇ 2017ರಲ್ಲಿ. ಯೂನಿಕೋಡಿನ ನಿಯಮ ಇಂದಿಗೂ ಅದನ್ನು ಎರಡು ದೊಡ್ಡ ‘ಎಸ್’ ಮಾಡುತ್ತದೆ. ನುಡಿಯಲ್ಲಿ ದೊಡ್ಡ ‘ಎಸ್’ ಎಂದರೆ ‘ಖ’ದ ಒಡಲು. ಜರ್ಮನ್ ಕಾಗುಣಿತದ ನಿಯಮ ನಮ್ಮ ಒಂದು ಒತ್ತಕ್ಷರವನ್ನು ಕಿತ್ತು ಎರಡು ಅರೆ ‘ಖ’ಗಳನ್ನು ನಿಲ್ಲಿಸಿಬಿಡುತ್ತದೆ.

ಕೆಟ್ಟದ್ದನ್ನು ತಿರುಗಿಸಿ ಸರಿಮಾಡಲೂ ಬಾರದು. ಸಣ್ಣ ‘ವಿ’ಯೂ ದೊಡ್ಡ ‘ವಿ’ಯೂ ಒಂದೇ ಆದಮೇಲೆ ಯಾವುದು ‘ತ’ ಆಗಿತ್ತು, ಯಾವುದು ‘ಗಿ’ ಆಗಿತ್ತು ಎಂಬ ಮಾಹಿತಿಯೇ ಅಳಿದಿರುತ್ತದೆ. ವರ್ಡ್‌ನಲ್ಲಿ ಇಡೀ ಕಡತ ಆಯ್ದು ಶಿಫ್ಟ್ ಜೊತೆ ಎಫ್3 ಒತ್ತುವವರಿಗೂ ಇದೇ ಅಪಾಯ. ತಪ್ಪು ಯಂತ್ರದ್ದಲ್ಲ ಎಂದೇ ನನ್ನ ತೀರ್ಮಾನ. ಅದು ಸಂಖ್ಯೆ ನೋಡಿ ತನ್ನ ಕೆಲಸ ಮಾಡಿದೆ. ಯೂನಿಕೋಡ್ ಬಂದು ಇಷ್ಟು ವರ್ಷವಾದರೂ ವೇಷದ ಕಡತಗಳನ್ನೇ ಹಂಚಿಕೊಳ್ಳುವ ನಮ್ಮ ರೂಢಿಯನ್ನು ದೂರಬೇಕು.

ನಿಮ್ಮಲ್ಲಿ ಹಳೆಯ ನುಡಿ ಕಡತಗಳಿದ್ದರೆ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಯಾವ ಗುಂಡಿಯನ್ನಾದರೂ ಒತ್ತಿ.